ತಟ್ಟೆಯಲ್ಲೇ ಉಳಿಯುವ ಊಟ, ಕುರ್ಚಿಯಿಂದ ಏಳದ ಕಾಲು: ವೃದ್ಧಾಶ್ರಮದ ಒಂದು ಪ್ರಕರಣ

83 ವರ್ಷದ ಅಜ್ಜಿಯೊಬ್ಬರು ವೃದ್ಧಾಶ್ರಮಕ್ಕೆ ಸೇರಿ ಐದು ತಿಂಗಳಾಗುವಷ್ಟರಲ್ಲಿ ಅವರ ತೂಕ 47.2 ಕಿಲೋದಿಂದ 43ಕ್ಕೆ ಇಳಿದಿತ್ತು. ಸೇರಿದ ದಿನ ಊರುಗೋಲು ಹಿಡಿದು ತಾವೇ ನಡೆದು ಬಂದವರನ್ನು ಈಗ ಕುರ್ಚಿಯಿಂದ ಏಳಿಸಲು ಇನ್ನೊಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಬೇಕಿತ್ತು. ಅವರ ಕಡತದಲ್ಲಿ ಎರಡು ಟಿಪ್ಪಣಿಗಳಿದ್ದವು. ಪೋಷಣಾ ತಜ್ಞೆ "ಹಸಿವು ಕಡಿಮೆ" ಎಂದು ಬರೆದಿದ್ದರು. ಫಿಸಿಯೋಥೆರಪಿಸ್ಟ್ "ವ್ಯಾಯಾಮಕ್ಕೆ ಸಹಕರಿಸುವುದಿಲ್ಲ" ಎಂದು ಬರೆದಿದ್ದರು. ಎರಡೂ ಬೇರೆ ಬೇರೆ ಹಾಳೆಗಳಲ್ಲಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವ ಕೆಲಸ ಯಾರದ್ದೂ ಆಗಿರಲಿಲ್ಲ.

ಇದು ಒಬ್ಬ ವ್ಯಕ್ತಿಯ ದಾಖಲೆಯಲ್ಲ. ವೃದ್ಧಾಶ್ರಮಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ಅಜ್ಜಿಯ ಪ್ರಕರಣವಾಗಿ ಹೆಣೆದಿದ್ದೇನೆ. ಅಳತೆಗಳು, ದಿನಚರಿ, ಮಾತುಕತೆ ಎಲ್ಲವೂ ಆ ಚಿತ್ರಕ್ಕೆ ಹೊಂದುವಂತೆ ಇಟ್ಟವು. ಅಧ್ಯಯನಗಳು ಮತ್ತು ಮಾರ್ಗಸೂಚಿಗಳ ಅಂಕಿಗಳು ಮಾತ್ರ ಪ್ರಕಟವಾದವು.

ಮೊದಲ ಅಳತೆಗಳು

ಅಜ್ಜಿಗೆ 15 ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ, ಎರಡೂ ಮಂಡಿಗಳಲ್ಲಿ ಸವೆತ. ಮೇಲ್ದವಡೆಗೆ ಕಟ್ಟಿಸಿದ ಹಲ್ಲಿನ ಸೆಟ್ ತೂಕ ಇಳಿದ ಮೇಲೆ ಸಡಿಲವಾಗಿ, ಊಟದ ಹೊತ್ತಿಗೆ ಜೇಬಿಗೆ ಸೇರುತ್ತಿತ್ತು. ಬುದ್ಧಿ ಚುರುಕಾಗಿತ್ತು, ಮರೆವಿನ ಲಕ್ಷಣ ಇರಲಿಲ್ಲ. ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಓದಿಸಿದವರು. ಯಾರಿಂದಲೂ ಏನನ್ನೂ ಕೇಳಿ ಅಭ್ಯಾಸವಿಲ್ಲ. ಈ ಕೊನೆಯ ಮಾತು ವೈದ್ಯಕೀಯ ಇತಿಹಾಸದ ಕಾಲಂನಲ್ಲಿ ಎಲ್ಲೂ ಇರಲಿಲ್ಲ, ಆದರೆ ಇಡೀ ಪ್ರಕರಣ ನಿಂತಿದ್ದು ಅದರ ಮೇಲೆಯೇ.

ಹಿರಿಯರ ಪೋಷಣೆಯನ್ನು ಬೇಗ ಅಳೆಯಲು ಮಿನಿ ನ್ಯೂಟ್ರಿಷನಲ್ ಅಸೆಸ್‌ಮೆಂಟ್‌ನ ಚಿಕ್ಕ ರೂಪವೊಂದಿದೆ. ಆರು ಪ್ರಶ್ನೆ, ಒಟ್ಟು 14 ಅಂಕ. 12 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿ, 8ರಿಂದ 11 ಇದ್ದರೆ ಎಚ್ಚರಿಕೆ, 7 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪೌಷ್ಟಿಕತೆ. ಅಜ್ಜಿಗೆ ಬಂದದ್ದು 7. ಎತ್ತರ 150 ಸೆಂ.ಮೀ., ಹಾಗಾಗಿ ಬಿಎಂಐ 19ರ ಆಸುಪಾಸು. ಸ್ನಾಯುಬಲದ ಲೆಕ್ಕ ಇನ್ನೂ ಕಳವಳಕಾರಿಯಾಗಿತ್ತು. ವಯಸ್ಸಾದಂತೆ ಸ್ನಾಯು ಕರಗುವ ಸಾರ್ಕೋಪೀನಿಯಾವನ್ನು ಗುರುತಿಸಲು ಯುರೋಪಿನ ತಜ್ಞರ ಗುಂಪು 2019ರಲ್ಲಿ ಪ್ರಕಟಿಸಿದ ಪರಿಷ್ಕೃತ ಮಾನದಂಡದ ಪ್ರಕಾರ ಹೆಂಗಸರ ಕೈಹಿಡಿತ 16 ಕಿಲೋಗಿಂತ ಕಡಿಮೆ ಇದ್ದರೆ, ಅಥವಾ ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅನುಮಾನ ಪಡಬೇಕು. ಅಜ್ಜಿಯ ಹಿಡಿತ 13 ಕಿಲೋ. ಐದು ಸಲದ ಮಾತು ಹಾಗಿರಲಿ, ಕೈಯೂರದೆ ಒಂದು ಸಲ ಏಳುವುದೂ ಆಗಲಿಲ್ಲ. ನಾಲ್ಕು ಮೀಟರ್ ನಡೆಯಲು 8 ಸೆಕೆಂಡು ಹಿಡಿಯಿತು, ಅಂದರೆ ಸೆಕೆಂಡಿಗೆ ಅರ್ಧ ಮೀಟರ್. ಅದೇ ಮಾನದಂಡದಲ್ಲಿ 0.8 ಮೀಟರ್ ಅಥವಾ ಅದಕ್ಕಿಂತ ಕಡಿಮೆ ವೇಗವೆಂದರೆ ತೊಂದರೆ ತೀವ್ರವಾಗಿದೆ ಎಂದರ್ಥ.

ಮೂರು ದಿನ ಅವರ ತಟ್ಟೆಯನ್ನು ಊಟಕ್ಕೆ ಮೊದಲೂ ಆಮೇಲೂ ನೋಡಿ ಬರೆದಿಟ್ಟಾಗ ಸಿಕ್ಕ ಲೆಕ್ಕ: ದಿನಕ್ಕೆ ಸುಮಾರು 850 ಕ್ಯಾಲೊರಿ, 27 ಗ್ರಾಂ ಪ್ರೋಟೀನ್, ಎಲ್ಲ ಪಾನೀಯ ಸೇರಿ 700 ಮಿಲಿಲೀಟರ್. ಹಿರಿಯರಿಗೆ ಕಿಲೋ ತೂಕಕ್ಕೆ ಸುಮಾರು 30 ಕ್ಯಾಲೊರಿ ಬೇಕು, ಹೆಂಗಸರು ದಿನಕ್ಕೆ ಕನಿಷ್ಠ 1.6 ಲೀಟರ್ ಪಾನೀಯ ಕುಡಿಯಬೇಕು ಎನ್ನುವುದು ಯುರೋಪಿನ ಕ್ಲಿನಿಕಲ್ ಪೋಷಣಾ ಸಂಘದ ಸಲಹೆ. ಪ್ರೋಟೀನ್ ವಿಷಯದಲ್ಲಿ, ಆರೋಗ್ಯವಂತ ಹಿರಿಯರಿಗೆ ಕಿಲೋಗೆ 1ರಿಂದ 1.2 ಗ್ರಾಂ, ಕಾಯಿಲೆ ಇದ್ದವರಿಗೆ 1.2ರಿಂದ 1.5 ಗ್ರಾಂ ಎಂದು 2013ರ ತಜ್ಞರ ವರದಿ ಹೇಳುತ್ತದೆ. ಅಜ್ಜಿಗೆ ಸಿಗುತ್ತಿದ್ದದ್ದು 0.63 ಗ್ರಾಂ. ಅಡುಗೆಮನೆಯಿಂದ ಸಾಕಷ್ಟು ಊಟ ಬರುತ್ತಿತ್ತು. ಅದು ತಟ್ಟೆಯಲ್ಲೇ ಉಳಿಯುತ್ತಿತ್ತು.

ರಾತ್ರಿ ಪಾಳಿಯ ಆಯಾ ಹೇಳಿದ್ದು

ಕಾರಣ ಹೊರಬಂದದ್ದು ಸಭೆಯಲ್ಲಲ್ಲ. ರಾತ್ರಿ ಪಾಳಿಯ ಆಯಾ ಬೆಳಿಗ್ಗೆ ಮನೆಗೆ ಹೊರಡುವ ಹೊತ್ತಿನಲ್ಲಿ ನರ್ಸ್‌ಗೆ ಹೇಳಿದ ಒಂದು ಮಾತು: "ಸಂಜೆ ಆದ್ಮೇಲೆ ಅಜ್ಜಿ ನೀರೇ ಮುಟ್ಟಲ್ಲ ಸಿಸ್ಟರ್. ಊಟಾನೂ ಎರಡೇ ತುತ್ತು. ರಾತ್ರಿ ನಮ್ಮನ್ನ ಎಬ್ಬಿಸ್ಬೇಕಾಗುತ್ತಲ್ಲ ಅಂತ."

ನರ್ಸ್ ಅದೇ ದಿನ ಮಧ್ಯಾಹ್ನ ಅಜ್ಜಿಯ ಪಕ್ಕ ಕೂತು ನಿಧಾನವಾಗಿ ಕೇಳಿದರು. ಸೇರಿದ ಹೊಸದರಲ್ಲಿ ಒಂದು ರಾತ್ರಿ ಅಜ್ಜಿ ಕಮೋಡಿನಿಂದ ಏಳಲಾಗದೆ ಗಂಟೆ ಒತ್ತಿ ಕಾದಿದ್ದರು. ಇಬ್ಬರೇ ಇದ್ದ ಪಾಳಿಯಲ್ಲಿ ಬರಲು ತಡವಾಗಿತ್ತು. ಇನ್ನೊಂದು ಸಲ ಹಾಸಿಗೆಯಿಂದ ಇಳಿಸಲು ಯಾರೂ ಬರುವ ಮೊದಲೇ ಬಟ್ಟೆ ಒದ್ದೆಯಾಗಿತ್ತು. ಅದಾದ ಮೇಲೆ ಅವರು ಒಂದು ತೀರ್ಮಾನಕ್ಕೆ ಬಂದರು. "ಒಳಗೆ ಹೋದ್ರೆ ತಾನೇ ಹೊರಗೆ ಬರೋದು? ಅದಕ್ಕೆ ಕಡಿಮೆ ಮಾಡ್ಕೊಂಡೆ" ಎಂದರು. ಹಸಿವಿಲ್ಲವೇ ಎಂದು ಕೇಳಿದ್ದಕ್ಕೆ, "ಇರ್ತಿತ್ತಮ್ಮ ಮೊದಲು. ಈಗ ಅಭ್ಯಾಸ ಆಗಿದೆ" ಎಂದರು.

ಅಲ್ಲಿಂದ ಮುಂದಿನದು ಒಂದಕ್ಕೊಂದು ಗಂಟು ಬಿದ್ದ ಕಥೆ. ನೀರು ಕಡಿಮೆಯಾದಾಗ ಮಲಬದ್ಧತೆ ಬಂತು. ಮಲಬದ್ಧತೆಯಿಂದ ಹೊಟ್ಟೆ ತುಂಬಿದ ಹಾಗಾಗಿ ಇದ್ದ ಹಸಿವೂ ಹೋಯಿತು. ಪದೇ ಪದೇ ಅವಸರವಾಗುತ್ತದೆ ಎಂದು ಮೂತ್ರಕೋಶವನ್ನು ಸಡಿಲಿಸುವ ಮಾತ್ರೆ ಶುರುವಾಗಿತ್ತು. ಆ ಗುಂಪಿನ ಮಾತ್ರೆಗಳು ಬಾಯಿ ಒಣಗಿಸುತ್ತವೆ, ಮಲಬದ್ಧತೆ ಹೆಚ್ಚಿಸುತ್ತವೆ. ಒಣಗಿದ ಬಾಯಿಗೆ ಸಡಿಲ ಹಲ್ಲಿನ ಸೆಟ್ ಉಜ್ಜಿ ನೋವಾಯಿತು, ಅಗಿಯುವ ಪದಾರ್ಥಗಳೆಲ್ಲ ದೂರವಾದವು. ಊಟ ತಗ್ಗಿದಾಗ ತೊಡೆಯ ಸ್ನಾಯು ಕರಗಿತು, ತೊಡೆಯಲ್ಲಿ ಬಲವಿಲ್ಲದಾಗ ಕಮೋಡಿನಿಂದ ಏಳುವುದು ಇನ್ನೂ ಕಷ್ಟವಾಯಿತು. ವ್ಯಾಯಾಮದ ಗುಂಪಿಗೆ ಕರೆದಾಗ ಅವರು ಬರದಿದ್ದದ್ದಕ್ಕೂ ಕಾರಣ ಇದೇ. ಮುಕ್ಕಾಲು ಗಂಟೆ ಎಲ್ಲರ ಮಧ್ಯೆ ಕೂತಾಗ ಅವಸರವಾದರೆ ಏನು ಮಾಡುವುದು?

ಹಾಗಾಗಿ ಕಡತದ ಎರಡೂ ಟಿಪ್ಪಣಿಗಳು ಒಂದೇ ಸಮಸ್ಯೆಯ ಎರಡು ತುದಿಗಳು. ಊಟದ ಪಟ್ಟಿ ಬದಲಿಸಿ ವ್ಯಾಯಾಮ ಬಿಟ್ಟರೆ, ಅಥವಾ ವ್ಯಾಯಾಮಕ್ಕೆ ಒತ್ತಾಯಿಸಿ ಶೌಚಾಲಯವನ್ನು ಮರೆತರೆ, ಏನೂ ಕದಲುವುದಿಲ್ಲ.

ಡಬ್ಬಿಯ ಪುಡಿ ಮೊದಲ ಉತ್ತರವಾಗದ ಕಾರಣ

ತೂಕ ಇಳಿದಾಗ ಎಲ್ಲರ ಕೈ ಮೊದಲು ಹೋಗುವುದು ಪೌಷ್ಟಿಕ ಪುಡಿಯ ಡಬ್ಬಿಗೆ. ಅಜ್ಜಿಗೂ ಅದನ್ನು ಬರೆದುಕೊಟ್ಟಿದ್ದರು. ಅರ್ಧ ಲೋಟ ಕುಡಿದು ಮಧ್ಯಾಹ್ನದ ಊಟ ಬಿಡುತ್ತಿದ್ದರು. 1994ರಲ್ಲಿ ಅಮೆರಿಕದ ಬೋಸ್ಟನ್‌ನ ಒಂದು ಆರೈಕೆ ಕೇಂದ್ರದಲ್ಲಿ ನಡೆದ ಅಧ್ಯಯನ ಇಲ್ಲಿ ನೆನಪಾಗಬೇಕು. ಸರಾಸರಿ 87 ವರ್ಷದ 100 ದುರ್ಬಲ ನಿವಾಸಿಗಳನ್ನು ನಾಲ್ಕು ಗುಂಪು ಮಾಡಿ, 10 ವಾರ ಕೆಲವರಿಗೆ ಭಾರ ಎತ್ತುವ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ ಕೊಟ್ಟರು. ಉಳಿದವರಿಗೆ ಎರಡೂ ಇಲ್ಲ. ವ್ಯಾಯಾಮ ಮಾಡಿದವರ ಸ್ನಾಯುಬಲ ಸರಾಸರಿ 113% ಏರಿತು, ನಡಿಗೆಯ ವೇಗ ಸುಮಾರು 12% ಹೆಚ್ಚಿತು. ಬರೀ ಪಾನೀಯ ಕುಡಿದವರ ಬಲದಲ್ಲಿ ಗಮನಿಸುವಂಥ ಬದಲಾವಣೆ ಆಗಲಿಲ್ಲ. ಇನ್ನೂ ಮುಖ್ಯವಾದದ್ದು, ದಿನದ ಒಟ್ಟು ಕ್ಯಾಲೊರಿ ನಿಜವಾಗಿ ಹೆಚ್ಚಿದ್ದು ಪಾನೀಯದ ಜೊತೆ ವ್ಯಾಯಾಮವನ್ನೂ ಮಾಡಿದವರಲ್ಲಿ ಮಾತ್ರ.

ಮೂವತ್ತು ವರ್ಷಗಳ ಹಿಂದೆಯೇ ಗೊತ್ತಾದ ಈ ಸಂಗತಿ ಎಷ್ಟೋ ವೃದ್ಧಾಶ್ರಮಗಳ ದಿನಚರಿಗೆ ಇನ್ನೂ ಇಳಿದಿಲ್ಲ ಎನ್ನುವುದು ನನಗೆ ನಿಜವಾದ ಸಂಕಟ. ಎಂಬತ್ತು ದಾಟಿದವರಿಗೆ ಕೂತಲ್ಲೇ ಕೈ ಬೀಸುವ ಆಟ ಸಾಕು ಎಂಬ ಭಾವನೆ ಇನ್ನೂ ಬಲವಾಗಿದೆ. ಕೈ ಬೀಸಿದರೆ ಮನಸ್ಸಿಗೆ ಖುಷಿಯಾಗಬಹುದು, ಅದೂ ಬೇಕು. ಆದರೆ ಕಮೋಡಿನಿಂದ ಏಳಲು ತೊಡೆಗೆ ಬಲ ಬರಬೇಕಾದರೆ ತೊಡೆಗೆ ಕಷ್ಟ ಕೊಡಲೇಬೇಕು.

ಮೊದಲ ಎರಡು ವಾರ

ತಂಡ ಅಜ್ಜಿಯನ್ನು ಕೇಳಿದ ಪ್ರಶ್ನೆ, "ನಿಮಗೆ ಏನು ಆಗಬೇಕು?" ತೂಕ ಹೆಚ್ಚಬೇಕು ಎಂದು ಅವರು ಹೇಳಲಿಲ್ಲ. "ಕಕ್ಕಸಿಂದ ನಾನೇ ಎದ್ದು ಬರಬೇಕು, ಅಷ್ಟೇ" ಎಂದರು. ಅದನ್ನೇ ಯೋಜನೆಯ ಗುರಿಯಾಗಿ, ಅವರದೇ ಮಾತಿನಲ್ಲಿ, ಹಾಳೆಯ ಮೇಲ್ಭಾಗದಲ್ಲಿ ಬರೆದರು.

ವ್ಯಾಯಾಮಕ್ಕೆ ಮೊದಲು ಶೌಚಾಲಯ ಸರಿಯಾಯಿತು. ಕಮೋಡಿನ ಮೇಲೆ ಎತ್ತರಿಸುವ ಸೀಟು, ಎರಡು ಬದಿಗೆ ಗಟ್ಟಿ ಹಿಡಿಕೆ, ರಾತ್ರಿ ಹಾಸಿಗೆಯಿಂದ ಅಲ್ಲಿಯವರೆಗೆ ಮಂದ ದೀಪ. ಊಟ, ತಿಂಡಿಯ ನಂತರ ಸಿಬ್ಬಂದಿಯೇ ಬಂದು ಕರೆದುಕೊಂಡು ಹೋಗುವ ಹೊತ್ತುಗಳು ಗೊತ್ತಾದವು, ಹಾಗಾಗಿ ಅಜ್ಜಿ ಕೇಳಬೇಕಾದ ಸಂದರ್ಭಗಳೇ ಕಡಿಮೆಯಾದವು. ಇಷ್ಟರಿಂದಲೇ ಅವರು ಸಂಜೆ ಒಂದು ಲೋಟ ನೀರು ಕುಡಿಯಲು ಒಪ್ಪಿದರು.

ವೈದ್ಯರು ಔಷಧಗಳನ್ನು ಪುನಃ ನೋಡಿದರು. ಮೂತ್ರಕೋಶದ ಮಾತ್ರೆ ನಿಂತಿತು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.1 ಇತ್ತು, ನೋಡುವುದಕ್ಕೆ ಅಚ್ಚುಕಟ್ಟಾದ ಅಂಕಿ, ಆದರೆ ಇಷ್ಟು ಕಡಿಮೆ ತಿನ್ನುವ 83 ವರ್ಷದವರಲ್ಲಿ ಅದು ಅಪಾಯದ ಗುರುತು. ಹಲವು ಕಾಯಿಲೆಗಳಿರುವ ಹಿರಿಯರಿಗೆ 8ಕ್ಕಿಂತ ಕೆಳಗಿದ್ದರೆ ಸಾಕು ಎಂದು ಅಮೆರಿಕದ ಡಯಾಬಿಟಿಸ್ ಸಂಘವೇ ಹೇಳುತ್ತದೆ. ಸಕ್ಕರೆಯನ್ನು ಏಕಾಏಕಿ ಇಳಿಸಬಲ್ಲ ಗ್ಲಿಮೆಪಿರೈಡ್ ಮಾತ್ರೆಯನ್ನು ವೈದ್ಯರು ನಿಲ್ಲಿಸಿದರು. ವ್ಯಾಯಾಮ ಹೆಚ್ಚಿಸುವ ಮೊದಲು ಇದು ಆಗಲೇಬೇಕಿತ್ತು. ಮಲಗಿದ್ದಾಗ ಮತ್ತು ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡ ಅಳೆದರೆ ಮೇಲಿನ ಅಂಕಿ 24 ಇಳಿಯುತ್ತಿತ್ತು (20 ಅಥವಾ ಹೆಚ್ಚು ಇಳಿದರೆ ಬೀಳುವ ಅಪಾಯ ಎಂದೇ ತಿಳಿಯಬೇಕು). ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣ ತಗ್ಗಿತು, ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಂದು ಲೋಟ ನೀರು ಸೇರಿತು, ಅಂಚಿನಲ್ಲಿ ಕೂತು ಪಾದ ಆಡಿಸಿ ಆಮೇಲೆ ಏಳುವ ಅಭ್ಯಾಸ ಬಂತು. ಹಲ್ಲಿನ ಸೆಟ್ಟಿಗೆ ದಂತವೈದ್ಯರು ಒಳಪದರ ಹಾಕಿಕೊಟ್ಟರು.

ಇದೆಲ್ಲ ಪೂರ್ವತಯಾರಿಯಂತೆ ಕಾಣಬಹುದು. ನನ್ನ ದೃಷ್ಟಿಯಲ್ಲಿ ಅರ್ಧ ಚಿಕಿತ್ಸೆ ಮುಗಿದದ್ದೇ ಇಲ್ಲಿ.

ಊಟ

"ಶುಗರ್ ಊಟ" ಎಂಬ ಹೆಸರಿನಲ್ಲಿ ಅಜ್ಜಿಗೆ ಬರುತ್ತಿದ್ದದ್ದು ಸಿಹಿಯಿಲ್ಲದ, ಉಪ್ಪಿಲ್ಲದ, ಎಣ್ಣೆಯಿಲ್ಲದ ಊಟ. ಹಿರಿಯರಲ್ಲಿ, ಅದರಲ್ಲೂ ತೂಕ ಇಳಿಯುತ್ತಿರುವವರಲ್ಲಿ, ಪಥ್ಯದ ಕಟ್ಟುಪಾಡುಗಳನ್ನು ಸಡಿಲಿಸಬೇಕು ಎಂಬುದರಲ್ಲಿ ಈಗ ಪೋಷಣಾ ತಜ್ಞರಿಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಪಥ್ಯದಿಂದ ಹತ್ತು ವರ್ಷಗಳ ನಂತರ ಸಿಗುವ ಲಾಭಕ್ಕಿಂತ ಈ ತಿಂಗಳು ಕರಗುವ ಸ್ನಾಯುವಿನ ನಷ್ಟ ದೊಡ್ಡದು. ಅಜ್ಜಿಗೆ ಎಲ್ಲರ ಊಟವೇ ಬಂತು. ಸಕ್ಕರೆ ಪರೀಕ್ಷೆ ಮುಂದುವರಿಯಿತು.

ಮಗ ಇದಕ್ಕೆ ಒಪ್ಪಲಿಲ್ಲ. "ಅಮ್ಮಂಗೆ ಶುಗರ್ ಇದೆ, ನಾವು ಮನೇಲಿ ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದೀವಿ" ಎಂದರು. ಆ ಮಾತಿನಲ್ಲಿದ್ದದ್ದು ಕಾಳಜಿ, ಹಟವಲ್ಲ. ನರ್ಸ್ ವಾದಿಸಲಿಲ್ಲ. ಐದು ತಿಂಗಳ ತೂಕದ ಗೆರೆಯನ್ನು ಹಾಳೆಯಲ್ಲಿ ತೋರಿಸಿ, ಸಕ್ಕರೆ ಇಷ್ಟು ಕೆಳಗಿರುವುದು ಅಮ್ಮ ತಿನ್ನದೆ ಇರುವುದರಿಂದ ಎಂದು ಬಿಡಿಸಿ ಹೇಳಿದರು. ಎರಡು ವಾರ ನೋಡೋಣ, ಪ್ರತಿ ಪರೀಕ್ಷೆಯ ಫಲಿತಾಂಶ ನಿಮಗೂ ಕಳಿಸುತ್ತೇವೆ ಎಂದಾಗ ಮಗ ಒಪ್ಪಿದರು.

ತಟ್ಟೆಯನ್ನು ದೊಡ್ಡದು ಮಾಡಲಿಲ್ಲ. ತುಂಬಿದ ತಟ್ಟೆ ನೋಡಿದರೆ ಅಜ್ಜಿಗೆ ಅರ್ಧ ಹಸಿವು ಹೋಗುತ್ತಿತ್ತು. ಪ್ರಮಾಣ ಅಷ್ಟೇ ಇಟ್ಟು ಸತ್ವ ಹೆಚ್ಚಿಸುವುದೇ ಜಾಣತನ. ಬೆಳಗಿನ ಗಂಜಿ ನೀರಿನ ಬದಲು ಹಾಲಿನಲ್ಲಿ ಕುದಿಯಿತು, ಎರಡು ದೊಡ್ಡ ಚಮಚ ಹಾಲಿನ ಪುಡಿ ಸೇರಿತು, ಅದರಿಂದಲೇ 5 ಗ್ರಾಂ ಪ್ರೋಟೀನ್ ಹೆಚ್ಚು. ಪಕ್ಕಕ್ಕೆ ಒಂದು ಮೊಟ್ಟೆ, ಇನ್ನೊಂದು 6 ಗ್ರಾಂ. ಮಧ್ಯಾಹ್ನ ಬೇಳೆ ಗಟ್ಟಿಯಾಗಿ, ಮೇಲೆ ಎಣ್ಣೆ ಅಥವಾ ಬೆಣ್ಣೆ, ಕೊನೆಗೆ ಗಟ್ಟಿ ಮೊಸರು. ಮಲಗುವ ಮೊದಲು ಹಾಲು. ರಾತ್ರಿ ಊಟ ಆರೂವರೆಗೆ, ಬೆಳಗಿನ ತಿಂಡಿ ಎಂಟೂವರೆಗೆ, ಅಂದರೆ ಈ ಹಾಲಿಲ್ಲದಿದ್ದರೆ 14 ಗಂಟೆಯ ಉಪವಾಸ. ಅಡುಗೆಯವರ ಪಾಳಿಗೆ ಅನುಕೂಲವಾಗಲೆಂದು ಬಂದ ಈ ಅಂತರ ಎಷ್ಟೋ ಕಡೆ ಯಾರ ಕಣ್ಣಿಗೂ ಬೀಳುವುದೇ ಇಲ್ಲ.

ಪ್ರೋಟೀನನ್ನು ದಿನವಿಡೀ ಹಂಚಿದ್ದಕ್ಕೆ ಕಾರಣವಿದೆ. ವಯಸ್ಸಾದ ಸ್ನಾಯು ಸ್ವಲ್ಪ ಪ್ರೋಟೀನಿಗೆ ಎಚ್ಚೆತ್ತುಕೊಳ್ಳುವುದಿಲ್ಲ. ಒಂದೊಂದು ಊಟದಲ್ಲೂ 25 ಗ್ರಾಂ ಹತ್ತಿರ ಇದ್ದರೆ ಒಳ್ಳೆಯದು ಎನ್ನುತ್ತಾರೆ. ಅಜ್ಜಿಗೆ ಅಷ್ಟು ಸಾಧ್ಯವಿರಲಿಲ್ಲ. 27 ಗ್ರಾಂನಲ್ಲಿ ಬೆಳಿಗ್ಗೆ ಬರುತ್ತಿದ್ದದ್ದು ಬರೀ 4. ಅದು 16ಕ್ಕೆ ಏರಿದ್ದೇ ದೊಡ್ಡ ಹೆಜ್ಜೆ. ವ್ಯಾಯಾಮ ಮುಗಿದ ಅರ್ಧ ಗಂಟೆಯಲ್ಲಿ ಹಾಲಿನ ಪುಡಿ ಬೆರೆಸಿದ ಒಂದು ಸಣ್ಣ ಲೋಟ ಹಾಲು ಖಾಯಂ ಆಯಿತು. ಕಾಲಿಗೆ ದುಡಿಮೆ ಕೊಟ್ಟ ಹೊತ್ತಿನಲ್ಲೇ ಅದಕ್ಕೆ ಆಹಾರವೂ ಸಿಕ್ಕ ಹಾಗಾಯಿತು.

ಹಾಲು, ಮೊಸರಿನಂಥ ಸಾಮಾನ್ಯ ಪದಾರ್ಥಗಳಿಂದ ಎಷ್ಟಾದೀತು ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ಪ್ರಯೋಗವೊಂದು ಉತ್ತರ ಕೊಡುತ್ತದೆ. 2021ರಲ್ಲಿ ಪ್ರಕಟವಾದ ಆ ಅಧ್ಯಯನ 60 ವೃದ್ಧಾಶ್ರಮಗಳ 7,195 ನಿವಾಸಿಗಳನ್ನು ಒಳಗೊಂಡಿತ್ತು. ಅರ್ಧ ಆಶ್ರಮಗಳ ಅಡುಗೆಮನೆಯಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿದರು. ಎರಡು ವರ್ಷದಲ್ಲಿ ಅಲ್ಲಿ ಮೂಳೆ ಮುರಿತ 33%, ಸೊಂಟದ ಮೂಳೆ ಮುರಿತ 46%, ಬೀಳುವುದು 11% ಕಡಿಮೆಯಾಯಿತು. ಔಷಧವಿಲ್ಲ, ಯಂತ್ರವಿಲ್ಲ. ಅಡುಗೆಯವರ ಕೈಗೆ ಸಿಕ್ಕ ಒಂದು ಸೂಚನೆ.

ಊಟದ ಜಾಗವೂ ಬದಲಾಯಿತು. ಅಜ್ಜಿಗೆ ಕೋಣೆಗೇ ತಟ್ಟೆ ಬರುತ್ತಿತ್ತು. ನಾಲ್ವರ ಮೇಜಿಗೆ ಅವರನ್ನು ಕರೆತಂದು, ಪಾತ್ರೆಗಳನ್ನು ಮೇಜಿನ ಮೇಲೇ ಇಟ್ಟು, ಬೇಕಾದಷ್ಟು ತಾವೇ ಬಡಿಸಿಕೊಳ್ಳಲು ಬಿಟ್ಟರು. ನೆದರ್ಲೆಂಡ್ಸ್‌ನ ಐದು ಆಶ್ರಮಗಳಲ್ಲಿ ಹೀಗೆ ಮನೆಯವರಂತೆ ಕೂತು ಉಣ್ಣುವ ವ್ಯವಸ್ಥೆಯನ್ನು ಆರು ತಿಂಗಳು ನಡೆಸಿ ನೋಡಿದ ಅಧ್ಯಯನ 2006ರಲ್ಲಿ ಬಂತು. ಹಾಗೆ ಉಂಡವರ ತೂಕ ಮತ್ತು ದೈಹಿಕ ಸಾಮರ್ಥ್ಯ ಉಳಿದುಕೊಂಡಿತು, ಮೊದಲಿನಂತೆ ತಟ್ಟೆ ಪಡೆದವರಲ್ಲಿ ಕುಗ್ಗಿತು. ಅಜ್ಜಿಯ ವಿಷಯದಲ್ಲಿ ಮೊದಲ ಮೂರು ದಿನ ಅವರು ಮಾತೇ ಆಡಲಿಲ್ಲ. ನಾಲ್ಕನೆಯ ದಿನ ಪಕ್ಕದವರ ರವಿಕೆಯ ಹೊಲಿಗೆ ಬಿಟ್ಟಿದ್ದನ್ನು ತೋರಿಸಿ ಮಾತು ಶುರು ಮಾಡಿದರು.

ವ್ಯಾಯಾಮ

ಮುಖ್ಯ ವ್ಯಾಯಾಮ ಒಂದೇ: ಕುರ್ಚಿಯಿಂದ ಏಳುವುದು, ಕೂರುವುದು. ಗಟ್ಟಿ ದಿಂಬಿಟ್ಟು 52 ಸೆಂ.ಮೀ. ಎತ್ತರ ಮಾಡಿದ, ಗೋಡೆಗೆ ಒರಗಿಸಿದ ಕುರ್ಚಿ. ಪಾದ ಹಿಂದಕ್ಕೆ, ಮೂಗು ಮುಂದಕ್ಕೆ, ಆಮೇಲೆ ಏಳುವುದು. ಇಳಿಯುವಾಗ ಮೂರು ಎಣಿಸುತ್ತ ನಿಧಾನ. ಮೊದಲ ವಾರ ಕೈಯೂರಿ ಐದೈದರಂತೆ ಎರಡು ಸುತ್ತು. ಆ ಎತ್ತರದಲ್ಲಿ ಕೈಯಿಲ್ಲದೆ ಎಂಟು ಸಲ ಆಗುತ್ತಿದ್ದಂತೆ ದಿಂಬು ತೆಗೆದು ಎತ್ತರ ತಗ್ಗಿಸಿದರು. ಒಂದು ಮಟ್ಟ ಸುಲಭವಾದರೆ ಕಷ್ಟ ಹೆಚ್ಚಿಸಬೇಕು ಎಂಬ ನಿಯಮವನ್ನು ಬಿಡಲಿಲ್ಲ. ಹತ್ತರಲ್ಲಿ ಎಷ್ಟು ಕಷ್ಟ ಎಂದು ಕೇಳಿದರೆ 6 ಅಥವಾ 7 ಎನ್ನಬೇಕು. 3 ಎಂದರೆ ಅದು ವ್ಯಾಯಾಮವಾಗಲಿಲ್ಲ. ಎದೆನೋವು, ತಲೆಸುತ್ತು, ಉಸಿರು ಕಟ್ಟಿದ ಹಾಗೆ ಅನಿಸಿದರೆ ತಕ್ಷಣ ನಿಲ್ಲಿಸುವುದು ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು.

ಇದರ ಜೊತೆ ಕಣಕಾಲಿಗೆ ಅರ್ಧ ಕಿಲೋ ಭಾರ ಕಟ್ಟಿ ಕೂತಲ್ಲೇ ಮಂಡಿ ನೇರ ಮಾಡುವುದು, ಕಂಬಿ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಪಾದದ ಮುಂದೆ ಇನ್ನೊಂದಿಟ್ಟು ಸಮತೋಲ ಕಾಯುವುದು. ವಾರಕ್ಕೆ ಮೂರು ದಿನ, ಅರ್ಧ ಗಂಟೆ, ಬೆಳಗಿನ ತಿಂಡಿಯಾಗಿ ಒಂದೂವರೆ ಗಂಟೆಯ ಮೇಲೆ. ಸಮತೋಲ ಮತ್ತು ಬಲದ ವ್ಯಾಯಾಮ ವಾರಕ್ಕೆ ಮೂರು ದಿನವಾದರೂ ಇರಲಿ ಎಂಬುದು 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯೂ ಹೌದು. ಮಂಡಿ ನೋಯುತ್ತಿತ್ತು. ಶಾಖ ಕೊಟ್ಟು, ಎತ್ತರ ಹೊಂದಿಸಿ ಮುಂದುವರಿಸಿದರು. ಸವೆದ ಮಂಡಿಗೆ ತೊಡೆಯ ಬಲವೇ ಆಸರೆ.

ಆದರೆ ವಾರಕ್ಕೆ ಮೂರು ಅರ್ಧ ಗಂಟೆಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಇನ್ನೊಂದು ಬದಲಾವಣೆ, ಅದು ಸಿಬ್ಬಂದಿಯ ಕೈಗೆ ಸಂಬಂಧಿಸಿದ್ದು. ಅಜ್ಜಿಯನ್ನು ಎತ್ತಿ ನಿಲ್ಲಿಸಲು ಹತ್ತು ಸೆಕೆಂಡು ಸಾಕು. ಅವರೇ ಏಳಲಿ ಎಂದು ಕಾದರೆ ಒಂದು ನಿಮಿಷ ಬೇಕು. ಇಪ್ಪತ್ತು ಜನರನ್ನು ನೋಡಿಕೊಳ್ಳುವ ಆಯಾಗೆ ಆ ಒಂದು ನಿಮಿಷ ದುಬಾರಿ. ಹಾಗಾಗಿ ಅವರು ಎತ್ತುತ್ತಾರೆ, ಪ್ರೀತಿಯಿಂದಲೇ ಎತ್ತುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಸಲ ತಾನಾಗಿ ಸಿಗಬೇಕಿದ್ದ ವ್ಯಾಯಾಮವನ್ನು ಆ ಪ್ರೀತಿಯೇ ಕಸಿದುಕೊಳ್ಳುತ್ತದೆ. ತಂಡ ಮಾಡಿದ ಏರ್ಪಾಡು ಸರಳ: ಪಕ್ಕದಲ್ಲಿ ನಿಲ್ಲಿ, ಐದರವರೆಗೆ ಎಣಿಸಿ, ಆಮೇಲೂ ಆಗದಿದ್ದರೆ ಕೈಕೊಡಿ, ಕಂಕುಳಿಗೆ ಕೈ ಹಾಕಬೇಡಿ. ಊಟದ ಮೇಜಿಗೆ ಹೋಗುವ ಮೊದಲು ಎರಡು ಸಲ ಎದ್ದು ಕೂತು ಹೊರಡುವುದು. ಸಮಯ ಹೊಂದಿಸಲು ಮೇಲ್ವಿಚಾರಕರು ಬೆಳಗಿನ ಸ್ನಾನದ ಸರದಿಯನ್ನೇ ಬದಲಿಸಿದರು. ಅದಿಲ್ಲದೆ ಆಯಾಗಳಿಗೆ "ತಾಳ್ಮೆಯಿಂದಿರಿ" ಎಂದು ಬೋಧಿಸುವುದು ಅನ್ಯಾಯವಾಗುತ್ತಿತ್ತು.

ಬಿದ್ದರೆ ಯಾರು ಹೊಣೆ ಎಂಬ ಪ್ರಶ್ನೆ ಬಂದೇ ಬಂತು. ಸೇರಿಸುವಾಗ ಮಗ "ಒಬ್ಬರೇ ಓಡಾಡಲು ಬಿಡಬೇಡಿ" ಎಂದು ಬರೆದುಕೊಟ್ಟಿದ್ದರು. ಮಗ, ಅಜ್ಜಿ, ವೈದ್ಯರು ಕೂತು ಅದನ್ನು ತಿದ್ದಿದರು: ಹಗಲು ಕೋಣೆಯಿಂದ ಶೌಚಾಲಯಕ್ಕೆ ಊರುಗೋಲಿನ ಜೊತೆ ತಾವೇ, ಒಬ್ಬರ ಕಣ್ಣಳತೆಯಲ್ಲಿ, ರಾತ್ರಿ ಗಂಟೆ ಒತ್ತಿ, ಜೊತೆಯಲ್ಲಿ. ಕೂರಿಸಿಯೇ ಇಟ್ಟರೆ ಬೀಳುವುದಿಲ್ಲ ಎಂಬ ನಂಬಿಕೆ ಕೆಲವು ವಾರಗಳ ಮಟ್ಟಿಗೆ ಮಾತ್ರ ನಿಜ. ಆಮೇಲೆ ಕೂತು ಕೂತು ಸೊರಗಿದ ಕಾಲೇ ಬೀಳಿಸುತ್ತದೆ.

ಏಳನೆಯ ವಾರದ ಜ್ವರ

ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಮೂತ್ರದ ಸೋಂಕು, ಜ್ವರ. ಐದು ದಿನ ಹಾಸಿಗೆ. ಇಂಥ ಹೊತ್ತು ಎಷ್ಟು ದುಬಾರಿ ಎಂಬುದಕ್ಕೆ 2007ರ ಒಂದು ಅಧ್ಯಯನ ಸಾಕ್ಷಿ: ಯಾವ ಕಾಯಿಲೆಯೂ ಇಲ್ಲದ ಹಿರಿಯರು ಹತ್ತು ದಿನ ಬರೀ ಮಲಗಿದ್ದಕ್ಕೆ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯುಭಾಗ ಹೋಗಿತ್ತು. ಅವರು ಹೊಟ್ಟೆತುಂಬ ಉಣ್ಣುತ್ತಿದ್ದವರು. ಜ್ವರದಲ್ಲಿ ಉಣ್ಣದೆ ಮಲಗಿದವರ ಗತಿ ಇನ್ನೂ ಕಠಿಣ.

ಹಾಗಾಗಿ ಜ್ವರ ಇಳಿದ ಹೊತ್ತುಗಳಲ್ಲಿ ಊಟಕ್ಕೆ ಮಾತ್ರ ಹಾಸಿಗೆ ಬಿಟ್ಟು ಕುರ್ಚಿಗೆ ಬರುವುದನ್ನು ಉಳಿಸಿಕೊಂಡರು. ಮಲಗಿದಲ್ಲೇ ಪಾದ ಮೇಲೆ ಕೆಳಗೆ, ಮಂಡಿ ಒತ್ತಿ ಹಿಡಿಯುವುದು ಮುಂದುವರಿಯಿತು. ಗಟ್ಟಿ ಊಟ ಬೇಡವಾದಾಗ ಹಾಲು, ಮೊಸರು, ತೆಳು ಗಂಜಿ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಆದರೂ ತೂಕ 600 ಗ್ರಾಂ ಇಳಿಯಿತು, ಕುರ್ಚಿಯ ಎತ್ತರ ಮತ್ತೆ 52ಕ್ಕೆ ಏರಿತು. ಅಜ್ಜಿ ತುಂಬ ಕುಗ್ಗಿದರು. "ಮತ್ತೆ ಮೊದಲಿಂದಾನಾ?" ಎಂದು ಕೇಳಿದರು. ಫಿಸಿಯೋಥೆರಪಿಸ್ಟ್ ಅವರ ಹಳೆಯ ಹಾಳೆ ತೆಗೆದು, ಮೊದಲ ಸಲ ಆ ಎತ್ತರದಲ್ಲಿ ಕೈಯೂರದೆ ಒಂದು ಸಲವೂ ಏಳಲಾಗಿರಲಿಲ್ಲ, ಈಗ ನಾಲ್ಕು ಸಲ ಆಗಿದೆ ಎಂದು ತೋರಿಸಿದರು. ಎರಡೂವರೆ ವಾರದಲ್ಲಿ ಕಳೆದದ್ದು ಮರಳಿತು.

ಆರು ತಿಂಗಳ ನಂತರ

ತೂಕ 46.3 ಕಿಲೋ. ಪ್ರೋಟೀನ್ ದಿನಕ್ಕೆ ಸರಾಸರಿ 52 ಗ್ರಾಂ, ಪಾನೀಯ 1.3 ಲೀಟರ್, ಎರಡನೆಯದು ಇನ್ನೂ ಗುರಿ ಮುಟ್ಟಿಲ್ಲ. ಕೈಯೂರದೆ ಐದು ಸಲ ಎದ್ದು ಕೂರಲು 16 ಸೆಕೆಂಡು. ನಡಿಗೆ ಸೆಕೆಂಡಿಗೆ 0.7 ಮೀಟರ್. ಕೈಹಿಡಿತ 13ರಿಂದ 14ಕ್ಕೆ ಬಂದಿದೆ, ಹೆಚ್ಚೇನೂ ಇಲ್ಲ; ದುಡಿಸಿದ್ದು ಕಾಲನ್ನು, ಕೈಯನ್ನಲ್ಲ. ಎಚ್‌ಬಿಎ1ಸಿ 7.2, ಆ ವಯಸ್ಸಿಗೆ ನೆಮ್ಮದಿಯ ಅಂಕಿ. ಮಾನದಂಡದ ಪ್ರಕಾರ ಅಜ್ಜಿ ಈಗಲೂ ದುರ್ಬಲರ ಸಾಲಿನಲ್ಲೇ ಇದ್ದಾರೆ. ಆದರೆ ಹಾಳೆಯ ಮೇಲ್ಭಾಗದಲ್ಲಿ ಬರೆದ ಗುರಿ ಹಗಲಿನ ಮಟ್ಟಿಗೆ ಈಡೇರಿದೆ: ಎತ್ತರಿಸಿದ ಸೀಟಿನಿಂದ, ಒಂದು ಕೈಯಿಂದ ಹಿಡಿಕೆ ಹಿಡಿದು ತಾವೇ ಎದ್ದು ಬರುತ್ತಾರೆ. ಈ ಅವಧಿಯಲ್ಲಿ ಒಂದು ಸಲ ಹಾಸಿಗೆಯ ಪಕ್ಕ ಜಾರಿ ಕೂತರು, ಪೆಟ್ಟಾಗಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ನಡೆಸಿದರು.

ಗುಂಪು ವ್ಯಾಯಾಮಕ್ಕೆ ಅಜ್ಜಿ ಈಗಲೂ ಹೋಗುವುದಿಲ್ಲ, ಹೋಗಬೇಕೆಂದು ಯಾರೂ ಒತ್ತಾಯಿಸುತ್ತಿಲ್ಲ. ಬದಲಿಗೆ ಆಶ್ರಮದ ಹರಿದ ದಿಂಬಿನ ಚೀಲಗಳನ್ನು ಕೈಹೊಲಿಗೆಯಲ್ಲಿ ಸರಿಮಾಡುತ್ತಾರೆ. ಬಟ್ಟೆಯ ಬುಟ್ಟಿಯನ್ನು ಬೇಕೆಂದೇ ಪಡಸಾಲೆಯ ಇನ್ನೊಂದು ತುದಿಯಲ್ಲಿ ಇಡಲಾಗಿದೆ. ಒಂದೊಂದು ಚೀಲಕ್ಕೂ ಎದ್ದು ಹೋಗಿ ತರಬೇಕು.

ಆಶ್ರಮ ಇದರಿಂದ ಕೆಲವನ್ನು ಎಲ್ಲರಿಗೂ ಅನ್ವಯಿಸಿದೆ. ತಿಂಗಳಿಗೊಮ್ಮೆ ಎಲ್ಲರ ತೂಕ, ಮೂರು ತಿಂಗಳಲ್ಲಿ 5% ಇಳಿದರೆ ಅದೇ ವಾರ ಪರಿಶೀಲನೆ. ಆ ಪರಿಶೀಲನೆಯಲ್ಲಿ ಪೋಷಣಾ ತಜ್ಞೆ, ಫಿಸಿಯೋಥೆರಪಿಸ್ಟ್, ಅಡುಗೆಯವರು ಮತ್ತು ಎರಡೂ ಪಾಳಿಯ ಆಯಾಗಳು ಒಟ್ಟಿಗೆ ಕೂರಬೇಕು, ಶೌಚಾಲಯದ ಬಗ್ಗೆ ಕೇಳುವುದು ಕಡ್ಡಾಯ. ಬೆಳಗಿನ ಗಂಜಿ ಈಗ ಎಲ್ಲರಿಗೂ ಹಾಲಿನಲ್ಲೇ ಕುದಿಯುತ್ತದೆ, ಹಾಲು ಒಗ್ಗದವರಿಗೆ ಬೇರೆ ಪಾತ್ರೆ. ರಾತ್ರಿ ಊಟವನ್ನು ಆರೂವರೆಯಿಂದ ಏಳೂವರೆಗೆ ತಳ್ಳುವುದು ಮಾತ್ರ ಇನ್ನೂ ಆಗಿಲ್ಲ. ಅಡುಗೆಯವರ ಪಾಳಿ ಬದಲಾಗಬೇಕು, ಅದಕ್ಕೆ ಇನ್ನೊಬ್ಬರನ್ನು ನೇಮಿಸಬೇಕು. ರಾತ್ರಿ ಪಾಳಿಗೆ ಮೂರನೆಯ ಆಯಾ ಬೇಕೆಂಬ ಕೋರಿಕೆಯೂ ಆಡಳಿತದ ಮುಂದಿದೆ. ಅದು ಆಗುವವರೆಗೆ ಅಜ್ಜಿ ರಾತ್ರಿ ಎಂಟರ ನಂತರ ನೀರು ಕುಡಿಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಕಡಿಮೆ ಬೀಳುವ 300 ಮಿಲಿಲೀಟರನ್ನು ಸಂಜೆ ಐದರೊಳಗೆ ಹೊಂದಿಸುವುದು ಸದ್ಯದ ಯೋಜನೆ.